ಮಾವನ ಕೊಕ್ಕೆ ಬಿದ್ದಿರಲಿಲ್ಲ

“ಈಕಿ ಎಂಜಿನೀರ ಆದ ದಿನ ಹೇಮಗುಡ್ಡ ಎದ್ದು ಗಂಗಾವತಿ ಸಂತಿಗೆ ಬರತೈತಿ” ಎಂದವನು ನನ್ನ ಸೋದರಮಾವ ಹನುಮಪ್ಪ. ನಾನು ಎಂಜಿನಿಯರ್ ಆದೆ. ಗುಡ್ಡ ಇದ್ದಲ್ಲೇ ಇದೆ. ಮಾವನೇ ಇದ್ದಲ್ಲಿಲ್ಲ — ಅವನನ್ನು ಕೆಲಸದಿಂದ ತೆಗೆಸಿದವಳು ನಾನು. ಬಾಯಿಂದ ಒಂದು ಸುಳ್ಳು ಮಾತೂ ಆಡದೆ ತೆಗೆಸಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಮಾವ ಒಳ್ಳೆಯವನಿದ್ದ ಎಂದು ತಿಳಿಯಬೇಡಿ. ನಮ್ಮವ್ವ ಕಂಡವರ ಗದ್ದೆಯಲ್ಲಿ ನಾಟಿ ಹಚ್ಚಿ ನನ್ನನ್ನು ಓದಿಸುವಾಗ, ಅವನು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ತಂಗಿಯ ಹುಚ್ಚನ್ನು ಹತ್ತು ಜನರಿಗೆ ಹೇಳಿ ನಗಿಸುತ್ತಿದ್ದ. ಎದುರಿಗೆ ಅವನಿಗೆ ‘ರೀ’ ಹಚ್ಚಿ ಮಾತಾಡುತ್ತಿದ್ದೆ, ಮನಸ್ಸಿನಲ್ಲಿ ಏಕವಚನವೇ. ಇಲ್ಲಿಯೂ ಅದನ್ನು ತಿದ್ದುವುದಿಲ್ಲ.

ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು. ಅದನ್ನು ಹಿಡಿದು ಕೆಲಸಕ್ಕೆ ಸೇರಿದ್ದು, ಕಾರಟಗಿ ರಸ್ತೆಯ ಮೇಲೆ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರ ರಿಪೇರಿ ಮಾಡುವ ಒಂದು ವರ್ಕ್‌ಶಾಪಿಗೆ — ಮೇಲ್ವಿಚಾರಕಿಯಾಗಿ. ಅಲ್ಲಿ ಹೆಡ್ ಮಿಸ್ತ್ರಿ ಯಾರು? ಇದೇ ಮಾವ. ಅವನ ಜೊತೆಗಾರ ರಾಜಾಸಾಬ. ಇಬ್ಬರೂ ಹರೆಯದಿಂದ ಒಂದೇ ಬುತ್ತಿಯಲ್ಲಿ ಉಂಡವರು. ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಇಕ್ಕಳ ಎಲ್ಲ ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತಿದ್ದವು. ಒಂದು ಪಾನಾ ಹುಡುಕಲು ಇಬ್ಬರು ಆಳು ಬೇಕು, ಅದರ ಮೇಲೆ ಒಂದು ಚಹಾ.

ನಾನು ಗೋಡೆಗೆ ತೂತಿನ ತಗಡು ಬಡಿಸಿದೆ. ಸಾಲುಸಾಲು ತೂತು, ಬೇಕಾದಲ್ಲಿ ಕೊಕ್ಕೆ ಸಿಕ್ಕಿಸುವುದು, ಒಂದೊಂದು ಹತ್ಯಾರಕ್ಕೆ ಒಂದೊಂದು ಜಾಗ. ಕೊಕ್ಕೆ ಆರಿಸಲು ಗಂಗಾವತಿಯ ಹಾರ್ಡ್‌ವೇರ್ ಅಂಗಡಿಗೆ ನಾನೇ ಹೋದೆ. ಅಂಗಡಿಯವನು ಎರಡು ತರದವು ಹರವಿದ. ಒಂದು ದಪ್ಪ, ಕಪ್ಪು, ಹಿಂದೆ ಬಿಗಿಯಲು ಕ್ಲಿಪ್ಪು ಇದ್ದದ್ದು. ಇನ್ನೊಂದು ತೆಳ್ಳಗೆ, ಬೆಳ್ಳಿಯಂತೆ ಹೊಳೆಯುವುದು, ಸುಮ್ಮನೆ ಸಿಕ್ಕಿಸುವುದು. ಭಾರ ಎಲ್ಲಿ ಬೀಳುತ್ತದೆ, ಎಷ್ಟು ತಡೆಯುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಅಂಗಡಿಯಲ್ಲಿ ನಿಂತು ನೋಡಿದ್ದು ಮಾತ್ರ — ಯಾವುದು ಚಂದ ಎಂದು. ಹೊಳೆಯುವವನ್ನೇ ತಂದೆ.

ಮಾವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನವ್ವ ಎಂಜಿನೀರಮ್ಮ, ಬಳಿ ಅಂಗಡಿ ಇಟ್ಟೀಯೇನು? ನೋಡೋ ರಾಜ್ಯಾ, ಪಾನಾಕ್ಕ ಕಿವಿಯೋಲಿ ಹಾಕ್ಯಾಳ.”

“ಆ ದೊಡ್ಡ ಪೈಪ್ ಪಾನಾಕ್ಕೊಂದು ಮೂಗುತಿನೂ ಹಾಕ್ರಿ ಮೇಡಮ್ಮಾರ” ಎಂದ ರಾಜಾಸಾಬ.

ವರ್ಕ್‌ಶಾಪೇ ನಕ್ಕಿತು. ಅಷ್ಟಕ್ಕೇ ಬಿಡಲಿಲ್ಲ ಮಾವ. ಮುರಿದ ಯಂತ್ರದ ಹೆಬ್ಬೆರಳು ದಪ್ಪದ ಸರಳು ಕಾಯಿಸಿ, ಬಗ್ಗಿಸಿ, ನನ್ನ ತಗಡಿನ ಒಂದು ತೂತನ್ನು ದೊಡ್ಡದು ಮಾಡಿ, ಆ ಕರಿ ಕೊಕ್ಕೆ ಸಿಕ್ಕಿಸಿದ. ಅದಕ್ಕೆ ಪೈಪ್ ಪಾನಾ ತೂಗುಹಾಕಿ, “ಇದು ನೋಡ್ರಪಾ, ಗಂಡು ಕೊಕ್ಕಿ” ಎಂದ. ಅದೇನು ಕಲೆಯಲ್ಲ, ಕಸುಬಲ್ಲ. ಅಷ್ಟು ದಪ್ಪದ ಕಬ್ಬಿಣವನ್ನು ಯಾವ ಮೂರ್ಖ ಬಗ್ಗಿಸಿದ್ದರೂ ನಿಲ್ಲುತ್ತಿತ್ತು. ನಿಂತಿತು. ದಿನಾ ಬೆಳಗಾದರೆ ನನ್ನ ಮೇಜಿನ ಎದುರಿಗೇ — ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಆಯುಧಪೂಜೆ ಬಂತು. ನಮ್ಮ ಕಡೆ ಅಂದು ಹತ್ಯಾರಗಳನ್ನೆಲ್ಲ ತೊಳೆದು, ಕಂಬಳಿ ಹಾಸಿ, ನೆಲಕ್ಕೆ ಕೂಡಿಸಿ ಪೂಜೆ ಮಾಡುತ್ತಾರೆ. ವರ್ಕ್‌ಶಾಪಿನ ಧಣಿಗಳು ಕಾರಟಗಿಯ ಅಕ್ಕಿ ಗಿರಣಿ ಮಾಲೀಕರನ್ನು ಕರೆದಿದ್ದರು. ನನ್ನ ತಗಡು ಅವರ ಕಣ್ಣಿಗೆ ಬೀಳಬೇಕಿತ್ತು. ಈ ಸಲ ಏನನ್ನೂ ಇಳಿಸುವುದು ಬೇಡ, ಗೋಡೆಯ ಮೇಲೇ ಪೂಜೆಯಾಗಲಿ ಎಂದೆ.

“ಹತ್ಯಾರ ನೆಲಕ್ಕ ಇಳೀಬೇಕವ್ವ. ವರ್ಷಕ್ಕೊಂದಿನಾ ಅವೂ ಕುಂದ್ರಬ್ಯಾಡೇನು?” ಎಂದ ಮಾವ.

“ಕುಂದ್ರಾಕ ಅವೇನು ಬೀಗರೇನ್ರಿ ಮಾವಾ?” ಎಂದೆ. ಈ ಸಲ ಎಲ್ಲರೂ ನಕ್ಕಿದ್ದು ಮಾವನನ್ನು ನೋಡಿ.

ಹಿಂದಿನ ದಿನ ಎಲ್ಲರೂ ಊಟಕ್ಕೆ ಹೋದಾಗ ಮಾವನ ಕರಿ ಕೊಕ್ಕೆ ಕಿತ್ತು ನನ್ನ ಮೇಜಿನ ಡ್ರಾಯರಿನಲ್ಲಿ ಹಾಕಿದೆ. ಆ ಜಾಗಕ್ಕೆ ನನ್ನ ಹೊಳೆಯುವ ಕೊಕ್ಕೆ ಸಿಕ್ಕಿಸಿ ಪೈಪ್ ಪಾನಾ ತೂಗುಹಾಕಿದೆ. ಮಾವ ಅಗಲ ಮಾಡಿದ ತೂತು, ನನ್ನ ತೆಳ್ಳನೆ ಕೊಕ್ಕೆ — ಅಲ್ಲಾಡುತ್ತಿತ್ತು. ನೋಡಿದೆ. ನೋಡಿಯೂ, ಒಂದು ದಿನಕ್ಕೇನು ಎಂದುಕೊಂಡೆ. ಮೇಲೆ ಮಾವಿನೆಲೆ, ಚೆಂಡುಹೂವು ಮುಚ್ಚಿದೆ. ಯಾವ ಕೊಕ್ಕೆ ಎಂದು ಯಾರಿಗೂ ಕಾಣುವಂತಿರಲಿಲ್ಲ.

ಪೂಜೆಯ ಹೊತ್ತಿಗೆ ರಾಜಾಸಾಬ ಪೈಪ್ ಪಾನಾಕ್ಕೆ ಹಾರ ಹಾಕಲು ಕೈ ಚಾಚಿದ. ಕೊಕ್ಕೆ ಕಿತ್ತು ಬಂತು. ಪಾನಾ ಅವನ ಬರಿಗಾಲಿನ ಮೇಲೆ ಬಿತ್ತು.

ಎಲ್ಲರೂ ಅವನ ಕಡೆಗೆ ಓಡಿದರು. ಮೊದಲು ಓಡಿದವನು ಮಾವ — ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ರುಮಾಲು ಬಿಚ್ಚಿ ಸುತ್ತತೊಡಗಿದ. ಆಗ ನಾನು ಏನು ಮಾಡುತ್ತಿದ್ದೆ? ಕೊಕ್ಕೆ ಹುಡುಕುತ್ತಿದ್ದೆ. ಗೋಡೆಯ ಬುಡದಲ್ಲಿ ಸಿಕ್ಕಿತು, ಸೆರಗಿನಲ್ಲಿ ಕಟ್ಟಿಕೊಂಡೆ. ಡ್ರಾಯರ್ ತೆಗೆದೆ. ಮಾವನ ಕರಿ ಕೊಕ್ಕೆಯನ್ನು ತಂದು, ಹೂವು ರಕ್ತ ಬಿದ್ದಲ್ಲಿ ಮೆಲ್ಲಗೆ ಇಟ್ಟೆ.

“ಯಾರದಿದು ಕೊಕ್ಕಿ?” ಎಂದರು ಧಣಿಗಳು.

“ನನ್ನ ಕೊಕ್ಕಿ ಬೀಳಂಗಿಲ್ರಿ ಧಣಿ. ಎತ್ತು ಕಟ್ಟಿದ್ರೂ ಬೀಳಂಗಿಲ್ಲ” ಎಂದ ಮಾವ.

ಆಗ ನಾನಂದೆ — “ಕೈಯಾಗ ಹಿಡದು ನೋಡ್ರಿ ಮಾವಾ. ನಿಮ್ದಲ್ಲೇನು?”

ಹಿಡಿದು ನೋಡಿದ. ಅವನದೇ. ಬಾಯಿ ತೆರೆದ, ಮುಚ್ಚಿದ. ಅಷ್ಟು ದೊಡ್ಡ ಬಾಯಿ ಹಾಗೆ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮತ್ತು — ಇದನ್ನೂ ಹೇಳಿಬಿಡುತ್ತೇನೆ — ನನಗೆ ಹಬ್ಬವೆನಿಸಿತು.

“ನವಮಿ ದಿನ ನೆತ್ತರ ಕೆಡವಿದ ಕೈ ನನ್ನ ಗಾಡಿ ಮುಟ್ಟಬಾರದು” ಎಂದರು ಧಣಿಗಳು. ಗಿರಣಿ ಮಾಲೀಕರು ತಲೆ ಆಡಿಸಿದರು. ಮಾವ ಅಂದೇ ಹೊರಬಿದ್ದ. ಮರುವಾರ ನಾನು ಅದೇ ಅಂಗಡಿಗೆ ಹೋಗಿ ದಪ್ಪ ಕೊಕ್ಕೆಗಳನ್ನೇ ತಂದು, ಕ್ಲಿಪ್ಪು ಬಿಗಿದು, ತಗಡಿಗೆಲ್ಲ ಹಾಕಿಸಿದೆ. ಯಾಕೆಂದು ಒಬ್ಬರೂ ಕೇಳಲಿಲ್ಲ. ಓದಿದವಳಲ್ಲವೇ, ಕೇಳುವುದೇನು?

ಊರು ಅವನಿಗೆ ‘ಕೊಕ್ಕಿ ಹನಮ’ ಎಂದು ಹೆಸರಿಟ್ಟಿತು. ಯಾವ ಗ್ಯಾರೇಜಿನವನೂ ಕರೆಯಲಿಲ್ಲ. ರಾಜಾಸಾಬ ಇವತ್ತಿಗೂ ಕುಂಟುತ್ತಾನೆ. ಮಾವ ಎದುರಾದರೆ ಮುಖ ತಿರುಗಿಸಿ ಹೋಗುತ್ತಾನೆ.

ಮೊನ್ನೆ ಮಾವನ ಹೆಂಡತಿ, ಅತ್ತೆ ಹುಲಿಗೆವ್ವ, ವರ್ಕ್‌ಶಾಪಿನ ಬಾಗಿಲಿಗೆ ಬಂದು ನಿಂತಳು. ಕಾರಟಗಿಯ ಒಂದು ಗಿರಣಿಯಲ್ಲಿ ಫಿಟ್ಟರ್ ಕೆಲಸವಿದೆ, ಹಳೇ ಕಡೆಯ ಅನುಭವದ ಪ್ರಮಾಣಪತ್ರ ಬೇಕಂತೆ. ಈಗ ಅದಕ್ಕೆ ಸಹಿ ಹಾಕುವವಳು ನಾನೇ.

“ಅಂವಗ ಬರಾಕ ನಾಚಿಕಿ. ಬೀಳೂ ಕೊಕ್ಕಿ ಮಾಡಿದ್ರೂ ಹರೇದಾಗಿಂದ ಇಲ್ಲೇ ದುಡದಾನಲ್ಲವ್ವ, ಅಷ್ಟರ ಬರದು ಕೊಡು” ಎಂದಳು. ಮತ್ತೆ, “ಈಗೀಗ ಅಂವನೂ ‘ನನ್ನ ಕೈಯಿಂದನ ತಪ್ಪಾಗಿರಬೇಕು ಬಿಡು’ ಅಂತಾನ” ಎಂದಳು.

ನನಗೆ ಬೇಕಾಗಿದ್ದು ಅವನ ಸೊಕ್ಕು ಮುರಿಯುವುದು. ಮುರಿದಿದೆ. ಆ ಸೊಕ್ಕಿನ ಮನುಷ್ಯ ತನ್ನ ಕೈಯನ್ನೇ ನಂಬದಂತಾಗಿದ್ದಾನೆ, ಮಾಡದ ತಪ್ಪನ್ನು ಹುಡುಕಿ ಒಪ್ಪಿಕೊಳ್ಳುತ್ತಿದ್ದಾನೆ. ಅವನನ್ನು ಇಂದಿಗೂ ನಾನು ಮೆಚ್ಚುವುದಿಲ್ಲ. ಆದರೆ ಅವನು ನನ್ನನ್ನು ಬಯ್ದು ನಗೆಯಾಡಿದ್ದು ಎದುರಿಗೆ ನಿಂತು. ನಾನು — ಸೆರಗಿನ ಗಂಟಿನಲ್ಲಿ…

ಪ್ರಮಾಣಪತ್ರ ಬರೆದೆ. ಎಷ್ಟು ವರ್ಷ ದುಡಿದ, ಏನೇನು ಬಲ್ಲ, ಎಲ್ಲ. ಕೊನೆಗೆ: ಬಿದ್ದ ಕೊಕ್ಕೆ ಇವರದಲ್ಲ, ನಾನು ಆರಿಸಿ ತಂದದ್ದು, ಇವರ ಕೊಕ್ಕೆಯನ್ನು ಅಲ್ಲಿ ಇಟ್ಟವಳು ನಾನು. ಸಹಿ ಹಾಕಿದೆ, ಮೊಹರು ಒತ್ತಿದೆ, ಹೆಸರಿನ ಮುಂದೆ ಪದವಿಯನ್ನೂ ಬರೆದೆ. ಅವನ ಮನೆಗೆ ಹಿತ್ತಲ ಕಡೆಯಿಂದ ಹೋಗಿ ಕೈಗೆ ಕೊಟ್ಟೆ.

“ಓದು” ಎಂದು ತಿರುಗಿ ನನ್ನ ಕೈಗೇ ಇಟ್ಟ. ಓದಿದೆ. ಕೊನೆಯ ಸಾಲಿಗೆ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದಳು. ಮಾವ ಕಾಗದವನ್ನು ನನ್ನ ಕೈಯಿಂದ ಮತ್ತೆ ಇಸಿದುಕೊಂಡು, ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ.

“ಕೆಡವೂದು ಅಷ್ಟ ಮಂದಿ ಮುಂದ ಕೆಡವಿದಿ. ಎತ್ತಾಕ ಹಿತ್ತಲ ಬಾಗಲಕ ಒಬ್ಬಾಕಿ ಬಂದೀಯಲ್ಲವ್ವ, ಎಂಜಿನೀರಮ್ಮ. ಏಳು, ಗಾಡಿ ಚಾಲು ಮಾಡು. ರಾಜ್ಯಾನ ಮನಿಗೆ ಹೋಗೂನು. ಅಂವನ ಮುಂದ ಓದು.”