ಬಾವಿಗೆ ಅಡ್ಡ ನಿಂತಾಕಿ

ಮಾತಾಡೋ ಸಿನೆಮಾ ಹೊಸದಾಗಿದ್ದಾಗ ಹಿರೇಕೆರೂರಾಗ ತಂಬೂ ಹೂಡಿ ಪಿಕ್ಚರ್ ತೋರಸ್ತಿದ್ವಿ. ಮಷೀನು ಒಂದ ಇತ್ತು. ರೀಲು ಮುಗಿದಾಗೆಲ್ಲಾ ದೀಪ ಹಚ್ಚಿ ಮುಂದಿನದ್ದು ಏರಸ್ತಿದ್ದೆ. ಒಂದಿನ ಪಿಕ್ಚರಿನಾಗ ಗಂಡ ಹೆಂಡತಿಯನ್ನ ಬಾವಿಗೆ ನೂಕಾಕ ಕೈ ಎತ್ತಿದ, ರೀಲು ಮುಗೀತು.

ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದು ಬಂದು ಪರದೆ ಮುಂದ ನಿಂತಳು. “ಮುಂದಿಂದು ಹಾಕಬ್ಯಾಡ.”

“ಅವ್ವಾ, ಅದು ಬರೇ ಚಿತ್ರ. ಬಾಜೂಕ ಸರೀರಿ.”

“ಚಿತ್ರ ಅಂತ ನನಗೂ ಗೊತ್ತೈತಿ. ನನ್ನ ತಂಗಿನ್ನ ನೂಕಿದಾಗ ಊರೆಲ್ಲಾ ಹಿಂಗ ಕುಂತು ನೋಡಿತ್ತು. ಇವತ್ತ ನಾ ಕುಂಡ್ರಾಂಗಿಲ್ಲ.”

ನನಗೂ ಹಟ ಬಂತು, ದೀಪ ಆರಿಸಿ ಮುಂದಿನ ರೀಲು ಓಡಿಸಿದೆ. ಅಷ್ಟರಾಗ ಉಳಿದ ಹೆಂಗಸರೂ ಎದ್ದು ಆಕಿ ಬಾಜೂಕ ನಿಂತರು. ನೂಕೋ ಕೈ ಆಕಿಯ ಸೆರಗಿನ ಮ್ಯಾಲ ಬಿತ್ತು, ಆಕಿ ಕಣ್ಣು ಮಿಟುಕಿಸಲಿಲ್ಲ. ಬಾವಿ ಯಾರಿಗೂ ಕಾಣಲಿಲ್ಲ.

ಮುಂದ ಸವಣೂರಾಗ ಅದ ರೀಲು ಓಡಿಸಿದೆ. ಎಲ್ಲಾರೂ ಸುಮ್ಮನ ಕುಂತು ನೋಡಿದ್ರು. ಹೆಂಡತಿ ಬಿದ್ದಳು.