ದೇವರ ಪಾಲಿನ ಬೆಲ್ಲ

“ಇಕಿ ಕಾಲೇಜಿನ ಮೆಟ್ಲು ಹತ್ತಲ್ಲ ಬಿಡ್ರಿ” ಎಂದವಳು ಹರಿಹರದ ಅತ್ತೆ, ಅಪ್ಪನ ಅಕ್ಕ. ನನ್ನ ಮೈ ನೋಡಿ ಹೇಳಿದ ಮಾತು ಅದು. ಎಂಟನೇ ಕ್ಲಾಸಿನ ಕೊಠಡಿ ಮಹಡಿಯ ಮೇಲಿತ್ತು. ಅರ್ಧ ಹತ್ತುವುದರೊಳಗೆ ನನಗೆ ಏದುಸಿರು. ಹಿಂದಿನಿಂದ ಹುಡುಗರು, “ಲೋಡ್ ಲಾರಿ ಬಂತು, ಸೈಡ್ ಬಿಡ್ರಲೇ.” ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿಯತೊಡಗಿದೆ. “ಸಾಕು, ಶಾಲೆ ಬಿಡಿಸ್ರಿ” ಎಂದಳು ಅತ್ತೆ. ಹತ್ತನೇ ಕ್ಲಾಸು ದಾಟಿದವರೇ ಇಲ್ಲದ ಮನೆ ನಮ್ಮದು.

ಅಪ್ಪನದು ವಿದ್ಯಾನಗರದಲ್ಲಿ ಮಿರ್ಚಿ ಮಂಡಕ್ಕಿಯ ಗಾಡಿ. ಉಳಿದ ಮಿರ್ಚಿಯೆಲ್ಲ ನಿಟ್ಟುವಳ್ಳಿಯ ಮನೆಗೆ ಬರುತ್ತಿತ್ತು, ನನ್ನ ತಟ್ಟೆಗೆ. ಹಸಿದು ಬೆಳೆದ ಅಜ್ಜಿಗೆ, ಅಪ್ಪನ ಅವ್ವನಿಗೆ, ನನ್ನ ದಪ್ಪ ಕೆನ್ನೆಯೇ ಒಡವೆ.

ಹುಟ್ಟಿದಾಗ ನಾನು ಬದುಕುವ ಲಕ್ಷಣವಿರಲಿಲ್ಲವಂತೆ. ಅಜ್ಜಿ ಹರಿಹರದ ಹೊಳೆದಂಡೆಯ ಗುಡಿಯಲ್ಲಿ ಹರಕೆ ಹೊತ್ತಳು: ಕೂಸು ಉಳಿದರೆ, ಅದರ ಓದು ಮುಗಿಯುವವರೆಗೂ ವರ್ಷಕ್ಕೊಮ್ಮೆ ಅದರ ತೂಕದ ಬೆಲ್ಲ. ಪ್ರತಿ ವರ್ಷ ನನ್ನನ್ನು ತಕ್ಕಡಿಯಲ್ಲಿ ಕೂರಿಸುತ್ತಿದ್ದರು. ಆ ಕಡೆ ಅಚ್ಚು ಬೆಲ್ಲ ಏರಿದಷ್ಟೂ ಅಜ್ಜಿಯ ಮುಖ ಅರಳುತ್ತಿತ್ತು. ದೇವರ ಪಾಲು ಹೆಚ್ಚಾಯಿತೆಂದು ಮನೆಗೆ ಬಂದು ನನಗೆ ತುಪ್ಪದ ಹೋಳಿಗೆ ಬಡಿಸುತ್ತಿದ್ದಳು.

ಕೊನೆಗೆ ಡಾಕ್ಟರಿಗೆ ತೋರಿಸಿರೆಂದು ಶಾಲೆಯವರೇ ಹೇಳಿಕಳಿಸಿದರು. ಅಜ್ಜಿ ನನ್ನನ್ನು ಕೆ.ಬಿ. ಬಡಾವಣೆಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು.

“ಹಿಂಗೇ ಬಿಟ್ರೆ ಸಣ್ಣ ವಯಸ್ಸಿಗೇ ಶುಗರ್ ಬರ್ತೈತೆ ಅಜ್ಜಿ. ಇಂಥ ಮಕ್ಕಳು ಈಗ ದಿನಾ ಬರ್ತಾವೆ ನನ್ನತ್ರ.”

“ತೂಕ ಇಳಿದ್ರೆ ದೇವ್ರಿಗೆ ಬೆಲ್ಲ ಕಮ್ಮಿ ಆಗ್ತೈತಲ್ರಿ?”

ಡಾಕ್ಟರಮ್ಮ ನಗಲಿಲ್ಲ. “ಇಳಿಸೋದು ಬ್ಯಾಡ. ಏರೋದು ನಿಂತ್ರೆ ಸಾಕು, ಎತ್ತರ ಬೆಳೀತಾಳೆ. ಕರಿದಿದ್ದು ಬಿಡಿಸ್ರಿ, ದಿನಾ ನಡೆಸ್ರಿ. ದೇವರ ಹತ್ರ ನೀವೇ ಮಾತಾಡ್ಕಳ್ರಿ.”

ಅಜ್ಜಿ ಅಂದೇ ಹರಿಹರದ ಬಸ್ಸು ಹತ್ತಿದಳು, ನನ್ನ ಕೈ ಬಿಡದೆ. ಗುಡಿಯಲ್ಲಿ ನಿಂತು ಪಕ್ಕದ ಮನೆಯವರೊಡನೆ ಮಾತಾಡುವಂತೆ ಅಂದಳು: “ನಿನ್ ಪಾಲು ಇನ್ನ ಏರಲ್ಲಪ್ಪ, ಬ್ಯಾಸರ ಮಾಡ್ಕಬ್ಯಾಡ. ಉಳಿದಿದ್ದು ನಡದು ತೀರಿಸ್ತೀವಿ. ಹುಡುಗಿ ಓದ್ಲಿ.” ಕೊಟ್ಟ ಮಾತಿಗಾಗಿ ಪ್ರಾಣ ಬಿಟ್ಟಾಳು ಎನ್ನಿಸುವ ಹೆಂಗಸು ಅವಳು. ನನಗಾಗಿ ದೇವರೊಂದಿಗಿನ ಕರಾರನ್ನೇ ತಿದ್ದಿದಳು.

ಮರುದಿನದಿಂದ ಬೆಳಗಿನ ನಡಿಗೆ. ಅಜ್ಜಿ ಸೀರೆ ಎತ್ತಿ ಕಟ್ಟಿ ಮುಂದೆ, ನಾನು ಅಳುತ್ತ ಹಿಂದೆ. “ಬಾರೇ ನಮ್ಮವ್ವ, ಆ ಆಟೋ ನಿಂತೈತಲ್ಲ, ಅಲ್ಲೀತಂಕ.” ಅಲ್ಲಿ ಮುಟ್ಟಿದರೆ ಇನ್ನೊಂದು ಆಟೋ ತೋರಿಸುತ್ತಿದ್ದಳು. ಮಿರ್ಚಿ ಮನೆಗೆ ಬರುವುದು ನಿಂತಿತು. ನನ್ನೆದುರು ತಿನ್ನಬಾರದೆಂದು ಅಜ್ಜಿಯೂ ಬಿಟ್ಟಳು.

ಮುಂದಿನ ವರ್ಷ ತಕ್ಕಡಿಯಲ್ಲಿ ಕೂತೆ. ಹಿಂದಿನ ವರ್ಷದಷ್ಟೇ ಬೆಲ್ಲಕ್ಕೆ ಮುಳ್ಳು ನೇರ ನಿಂತಿತು. ನಾನು ಅಜ್ಜಿಯ ಭುಜ ದಾಟಿ ಬೆಳೆದಿದ್ದೆ. ಅಜ್ಜಿ ಮುಳ್ಳನ್ನೇ ನೋಡುತ್ತ ನಿಂತಳು. “ಒಪ್ಪಿಕಂಡ ನೋಡು” ಎಂದಳು, ಮೆಲ್ಲಗೆ.

ನಾನು ತೆಳ್ಳಗಾಗಲಿಲ್ಲ, ಈಗಲೂ ಅಲ್ಲ. ಉಸಿರು ಮಾತ್ರ ನನ್ನದಾಯಿತು. ಕಾಲೇಜಿನಲ್ಲೂ ನಮ್ಮ ಕ್ಲಾಸು ಮೇಲಿನ ಮಹಡಿಯಲ್ಲೇ ಇತ್ತು. ದಿನವೂ ಹತ್ತಿದೆ.

ಪದವಿ ಸರ್ಟಿಫಿಕೇಟು ಕೈಗೆ ಬಂದ ದಿನ, ಕೊನೆಯ ಬೆಲ್ಲ ಒಪ್ಪಿಸಿ ಗುಡಿಯಿಂದ ನೇರ ಅತ್ತೆಯ ಮನೆಗೆ ಹೋದೆವು. ಅತ್ತೆಯ ಮೊಮ್ಮಗಳು ಚಿಪ್ಸ್ ಪ್ಯಾಕೆಟ್ ಹಿಡಿದು ಮೊಬೈಲ್ ನೋಡುತ್ತ ಕೂತಿದ್ದಳು, ಗುಂಡಗೆ, ನನ್ನಂತೆಯೇ. ಅಜ್ಜಿ ಸರ್ಟಿಫಿಕೇಟನ್ನು ಅತ್ತೆಯ ಕೈಗಿಟ್ಟಳು.

ಅತ್ತೆ ಅದನ್ನು ಸೆರಗಿನಿಂದ ಒರೆಸಿದಳು, ಧೂಳಿಲ್ಲದಿದ್ದರೂ. ಆಮೇಲೆ ಮೊಮ್ಮಗಳ ಕಡೆ ನೋಡಿದಳು.

“ನಮ್ ಕೂಸಿಗೂ ಏದುಸಿರು ಬರ್ತೈತೆ ಕಣವ್ವ. ರಜಕ್ಕೆ ನಿಮ್ಮನಿಗೆ ಕಳಿಸ್ತೀನಿ. ಬೆಳಿಗ್ಗೆ ಎಷ್ಟೊತ್ತಿಗೆ ಹೊಂಡ್ತೀರಿ ನೀವು?”