ಮೊಣಕಾಲು ಮಟ್ಟದ ಸಮುದ್ರ

ಬಿಳಿಚೋಡಿನ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಅವರೇ ನಮ್ಮನ್ನು, ಊರ ಕೆರೆಯಲ್ಲೂ ಆಳದ ನೀರು ಕಾಣದ ಹುಡುಗಿಯರನ್ನು, ಸಮುದ್ರ ತೋರಿಸಲು ಕರೆದೊಯ್ದರು. ಬಸ್ಸಿಳಿದವರೇ ಮೊದಲು ಬಲೆ ಒಣಹಾಕುತ್ತಿದ್ದ ಮುದುಕಿಯೊಬ್ಬಳ ಬಳಿ ಹೋಗಿ, ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ಕೈಕಟ್ಟಿ ನಿಂತು ಕೇಳಿಕೊಂಡು ಬಂದರು. ಆಮೇಲೆ ಪ್ಯಾಂಟು ಮಡಚಿ ನೀರಿನಲ್ಲಿ ನಿಂತು, ಗಳಿಗೆಗೊಮ್ಮೆ ಸೀಟಿ ಊದಿ ಕೂಗುತ್ತಿದ್ದರು: "ಮೊಣಕಾಲು ಮಟ್ಟ ಅಷ್ಟೇ ಕಣ್ರವ್ವ! ಅದರಾಚೆ ಹೋಗಾಕೆ ಯಾರಿಗೂ ಪರ್ಮಿಶನ್ ಇಲ್ಲ."

ನಾನು ಅದರಾಚೆ ಹೋದೆ. ಅಲೆಯೊಂದು ನನ್ನನ್ನು ಕೆಡವಿ ಎಳೆದುಕೊಂಡಿತು. ಈಜು ಬಾರದ ಆ ಮನುಷ್ಯ ಎದೆಮಟ್ಟದ ನೀರಿಗೆ ನುಗ್ಗಿ, ನನ್ನ ಜಡೆ ಹಿಡಿದು ದಡಕ್ಕೆ ತಂದರು. ಬೈಯಲಿಲ್ಲ. ಮರಳಿನಲ್ಲಿ ನನ್ನ ಪಕ್ಕ ಕೂತು, "ಉಸಿರಾಡವ್ವ, ಉಸಿರಾಡು" ಎನ್ನುತ್ತಲೇ ಇದ್ದರು.

ಊರಿಗೆ ಮರಳಿದ ದಿನವೇ ನಮ್ಮ ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದರು. "ತಪ್ಪು ನಂದು ರೀ, ಮಗೂದಲ್ಲ. ಇದೊಂದಕ್ಕೆ ಹೆಣ್ಮಕ್ಕಳನ್ನ ಮನೇಲಿ ಕೂರಿಸಬ್ಯಾಡ್ರಿ."

ಮುಂದಿನ ವರ್ಷದ ಪ್ರವಾಸಕ್ಕೆ ಅಪ್ಪ ನನ್ನ ಜೊತೆ ತಂಗಿಯನ್ನೂ ಕಳಿಸಿದರು.